ಡ್ರೈವರಿಲ್ಲದ ಗಾಡಿಗೆ ನಮ್ಮತ್ತೆ ಹತ್ತಿದ್ದು

ನಮ್ಮತ್ತೆಗೆ ಓದಲು ಚೆನ್ನಾಗಿಯೇ ಬರುತ್ತದೆ. ಪೇಪರು ಓದುತ್ತಾಳೆ, ಲಗ್ನಪತ್ರಿಕೆ ಓದುತ್ತಾಳೆ, ಔಷಧದ ಡಬ್ಬಿಯ ಮೇಲಿನ ಇರುವೆಯಂಥ ಅಕ್ಷರಗಳನ್ನೂ ಬಿಡುವುದಿಲ್ಲ. ಆದರೆ ಬಸ್ಸಿನ ಬೋರ್ಡನ್ನು ಮಾತ್ರ ಆಕೆ ಜನ್ಮದಲ್ಲಿ ಓದಿಲ್ಲ! ನೀವೂ ನಾನೂ ಬೋರ್ಡು ನೋಡಿ ಬಸ್ಸು ಹತ್ತುವ ಜನ. ನಮ್ಮತ್ತೆ ಡ್ರೈವರನ ಮುಖ ನೋಡಿ ಹತ್ತುವವಳು. ಮುಖ ಮನಸ್ಸಿಗೆ ಬಂದರೆ ಬಸ್ಸು ಎಲ್ಲಿಗೆ ಹೋದರೂ ಆದೀತು. ಒಮ್ಮೆ ಸಿಂದಗಿಯ ಮಗಳ ಮನೆಗೆಂದು ಹೊರಟವಳು ಇಂಡಿಯ ಮಗಳ ಮನೆಯ ಬಾಗಿಲು ಬಡಿದಳು. "ಅವ್ವಾ, ಸಿಂದಗಿಗೆ ಹೊಂಟೇನಿ ಅಂದಿದ್ಯಲ್ಲ?" ಎಂದು ಆ ಮಗಳು ಕಣ್ಣರಳಿಸಿದರೆ, "ಡ್ರೈವರ ಭಾಳ ಛಲೋ ಮನಿಷ್ಯಾ ಇದ್ದನವಾ, ಬಿಡಾಕ ಮನಸಾಗಲಿಲ್ಲ" ಎಂದು ಒಳಗೆ ಹೋಗಿ ನಾಲ್ಕು ದಿನ ಉಳಿದಳು.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಹೆಂಡತಿಯ ತಾಯಿಯೂ ನನಗೆ ಅತ್ತೆಯೇ. ಆದರೆ ಅವರ ಬಗ್ಗೆ ಬರೆಯುವಷ್ಟು ಧೈರ್ಯ ನನ್ನಲ್ಲಿಲ್ಲ. ಈಗಂತೂ ಯಾವ ಧೈರ್ಯವೂ ಇಲ್ಲ. ಪಕ್ಕದ ಮನೆಯವರು ಬಾಗಿಲು ಜೋರಾಗಿ ಮುಚ್ಚಿದರೆ ಕುರ್ಚಿಯಿಂದ ಎದ್ದು ನಿಲ್ಲುತ್ತೇನೆ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದಿದ್ದೇನೆ. ಯಾಕೆ ಎಂಬುದು ಆಮೇಲೆ. ಮೊದಲು ನಗುವಷ್ಟು ನಕ್ಕುಬಿಡೋಣ.

ಅತ್ತೆಯದು ಬಸವನ ಬಾಗೇವಾಡಿ ತಾಲೂಕಿನ ಗೊಳಸಂಗಿ. ಮೂವರು ಹೆಣ್ಣುಮಕ್ಕಳು. ಹಿರಿಯವಳನ್ನು ಇಂಡಿಗೆ, ನಡುವಿನವಳನ್ನು ಸಿಂದಗಿಗೆ, ಕಿರಿಯವಳನ್ನು ಮುದ್ದೇಬಿಹಾಳಕ್ಕೆ ಕೊಟ್ಟಿದ್ದಾಳೆ. ಹೀಗೆ ಮೂರು ದಿಕ್ಕಿಗೆ ಮೂವರನ್ನು ಕೊಟ್ಟದ್ದು ಬಸ್ಸಿನಲ್ಲಿ ಓಡಾಡುವ ಚಟಕ್ಕೇ ಎಂದು ನಮ್ಮಪ್ಪ ಛೇಡಿಸುತ್ತಾನೆ. ಮಾವ ಬಸ್ಸು ಹತ್ತುವುದಿಲ್ಲ. ಅಂದರೆ, ಹೆಂಡತಿಯ ಜೊತೆ ಹತ್ತುವುದಿಲ್ಲ. ಅದಕ್ಕೆ ಕಾರಣ ಆ ಮೂರು ಪ್ರಶ್ನೆಗಳು.

ಬಸ್ಸು ನಿಂತ ಕೂಡಲೇ ಎಲ್ಲರೂ ಕಿಟಕಿಯಿಂದ ಟವೆಲು ಒಗೆದು ಸೀಟು ಹಿಡಿಯುತ್ತಿದ್ದರೆ, ಅತ್ತೆ ಮಾತ್ರ ಆ ಕಡೆ ಸುತ್ತಿಕೊಂಡು ಹೋಗಿ ಡ್ರೈವರನ ಬಾಗಿಲ ಕೆಳಗೆ ನಿಲ್ಲುತ್ತಾಳೆ. ಸೆರಗು ತಲೆಯ ಮೇಲೆ ಎಳೆದುಕೊಂಡು, ಕತ್ತೆತ್ತಿ ಕೇಳುತ್ತಾಳೆ:

"ಯಪ್ಪಾ, ಊಟಾ ಆತೇನು?"

"ರಾತ್ರಿ ನಿದ್ದಿ ಆಗೈತೇನು?"

"ಮನ್ಯಾಗ ಜಗಳಾ ಗಿಗಳಾ ಏನೂ ಇಲ್ಲಲ್ಲ?"

ಮೂರಕ್ಕೂ ಸರಿಯಾದ ಉತ್ತರ ಬಂದರಷ್ಟೇ ಮೆಟ್ಟಿಲ ಮೇಲೆ ಕಾಲಿಡುವುದು. ಕನ್ಯೆ ನೋಡಲು ಬಂದವರೂ ಇಷ್ಟು ವಿಚಾರಿಸುತ್ತಾರೆಯೇ ಹೇಳಿ!

ಸಿಂದಗಿ ಸ್ಟ್ಯಾಂಡಿನಲ್ಲಿ ಒಮ್ಮೆ ಪಾಪದ ಡ್ರೈವರನೊಬ್ಬ ಮೊದಲ ಪ್ರಶ್ನೆಗೇ ಬಿದ್ದ. "ಇಲ್ಲ ಬೇ ಯವ್ವಾ, ದೇವರ ಹಿಪ್ಪರಗಿಗೆ ಹೋಗಿ ಉಣ್ತೇನಿ" ಎಂದ. ಮುಗಿಯಿತು! ಅತ್ತೆ ಗಂಟು ಬಿಚ್ಚಿದಳು. ಎರಡು ಜೋಳದ ರೊಟ್ಟಿ, ಮೇಲೆ ಶೇಂಗಾ ಹಿಂಡಿ, ಅದರ ಮೇಲೆ ಮೊಸರು. ಬಸ್ಸಿನ ಎಂಜಿನ್ನಿನ ಮೇಲೆ ಊಟ ಬಡಿಸಿ ಪಕ್ಕದಲ್ಲಿ ನಿಂತಳು. ಕಂಡಕ್ಟರ್ ಸೀಟಿ ಊದಿದ್ದೇ ಊದಿದ್ದು. ಕೊನೆಗೆ ಸಿಟ್ಟಿಗೆದ್ದು, "ಯವ್ವಾ, ಕಂಡಕ್ಟರಗ ಹೊಟ್ಟಿ ಇರೂದಿಲ್ಲೇನು?" ಎಂದು ಕೇಳಿದ.

"ಇರ್ತೈತಪಾ. ನೀ ಉಪಾಸ ಇದ್ರ ಚಿಲ್ಲರ ತಪ್ಪತಾವ. ಅಂವ ಉಪಾಸ ಇದ್ರ ನಾ ತಪ್ಪತೇನಿ!"

ಇಂಡಿಯಲ್ಲಿ ಇನ್ನೊಬ್ಬ ಮೂರನೆಯ ಪ್ರಶ್ನೆಗೆ ತಡವರಿಸಿದ. ಬೆಳಿಗ್ಗೆ ಹೆಂಡತಿಯೊಂದಿಗೆ ಸ್ವಲ್ಪ ಮಾತಾಗಿತ್ತಂತೆ. "ಫೋನ್ ಹಚ್ಚು" ಎಂದಳು ಅತ್ತೆ. ಐವತ್ತು ಜನರ ಮುಂದೆ ಆ ಮನುಷ್ಯ ನಾಚುತ್ತ ಫೋನು ಹಚ್ಚಿದ. ಆ ಕಡೆಯಿಂದ ಹೆಣ್ಣುಮಗಳ ದನಿ, "ಈಗ ಬಸ್ ಬಿಡ್ರಿ ಸುಮ್ನ, ಉಳದದ್ದು ಸಂಜಿಗಿ ನೋಡೂಣು" ಎಂದಿತು. ಅತ್ತೆ ಜನರ ಕಡೆ ತಿರುಗಿ ಘೋಷಿಸಿದಳು: "ಹತ್ರಿ ಹತ್ರಿ, ಸಂಜಿತನಕಾ ಏನೂ ಕಾಳಜಿ ಇಲ್ಲ!"

ಎಲ್ಲರೂ ನಕ್ಕರು, ಡ್ರೈವರನೂ ನಕ್ಕ. ಈ ನಾಲ್ಕೂ ಊರಿನ ಡ್ರೈವರುಗಳಿಗೆ ಆಕೆ ಗೊತ್ತು. ಕೆಲವರು ದೂರದಿಂದಲೇ ಕಂಡು, "ಊಟಾ ಆಗೈತಿ, ನಿದ್ದಿ ಆಗೈತಿ, ಹೆಂಡ್ತಿ ತವರಿಗಿ ಹೋಗ್ಯಾಳ, ಹತ್ತ ಬೇ!" ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಾರೆ.

ಇಂಥವಳ ಮುಂದೆ ಡ್ರೈವರೇ ಇಲ್ಲದ ಗಾಡಿಯನ್ನು ತಂದು ನಿಲ್ಲಿಸಿದವನು ನಾನು.

ನಾನೊಬ್ಬ ಮಾಸ್ತರ. ನಮ್ಮ ತಾಲೂಕಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತೇನೆ. ವೇಗ, ಘರ್ಷಣೆ, ಜಡತ್ವ ಇತ್ಯಾದಿ. (ಈಗ ಆ ಪಾಠ ಬಂದರೆ ಬೋರ್ಡಿನ ಕಡೆ ತಿರುಗಿ ಸ್ವಲ್ಪ ಹೊತ್ತು ನಿಂತುಕೊಳ್ಳುತ್ತೇನೆ.) ಮುಖ್ಯ ರಸ್ತೆಯಿಂದ ಕಾಲೇಜಿಗೆ ಎರಡು ಕಿಲೋಮೀಟರು. ಬಸ್ಸು ಇಳಿದ ಹುಡುಗಿಯರು ಬಿಸಿಲಲ್ಲಿ ಅಷ್ಟೂ ನಡೆಯಬೇಕು. ಹೀಗಿರುವಾಗ ಒಂದು ಕಂಪನಿಯವರು ಬಂದರು. ತನ್ನಷ್ಟಕ್ಕೆ ತಾನೇ ಓಡುವ, ಎಂಟು ಜನ ಕೂರುವ, ಕರೆಂಟಿನ ಗಾಡಿ. ಬಸ್ ಸ್ಟಾಪಿನಿಂದ ಗೇಟಿನವರೆಗೆ ದಿನವಿಡೀ ಹೋಗಿಬರುತ್ತದಂತೆ. ದೊಡ್ಡ ಊರುಗಳಲ್ಲಿ ಗದ್ದಲ ಜಾಸ್ತಿ, ಆದ್ದರಿಂದ ಮುಂದಿನ ಮಾರುಕಟ್ಟೆ ನಿಮ್ಮಂಥ ಊರುಗಳದ್ದೇ ಎಂದು ಅವರ ಪ್ರತಿನಿಧಿ ಪರದೆಯ ಮೇಲೆ ನಕಾಶೆ ತೋರಿಸಿದ. ಅದರಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ಹಸಿರು ಚುಕ್ಕೆಗಳಾಗಿ ಮಿನುಗುತ್ತಿದ್ದವು. ಇವತ್ತು ಕಾಲೇಜಿನ ರಸ್ತೆ, ನಾಳೆ ತಾಲೂಕು ಆಸ್ಪತ್ರೆ, ಸಂತೆ, ಸ್ಟೇಶನ್ನು! ನಮ್ಮ ಚೇರಮನ್ನರು ಆ ಚುಕ್ಕೆಗಳನ್ನು ನೋಡಿ ಕರಗಿಹೋದರು.

ಶ್ರಾವಣದಲ್ಲಿ ಕಂಪನಿಯವರು ರಸ್ತೆಯನ್ನು ಇಂಚಿಂಚು ಅಳೆದು ಗಾಡಿಯ ತಲೆಗೆ ತುಂಬಿಕೊಂಡು ಹೋದರು. ಪುಷ್ಯದಲ್ಲಿ ಗಾಡಿ ತಂದರು. ಉದ್ಘಾಟನೆಯ ಓಟಕ್ಕೆ "ಒಬ್ಬ ಹಿರಿಯ ಮಹಿಳೆ ಇದ್ದರೆ ಫೋಟೋ ಚೆನ್ನಾಗಿರುತ್ತೆ" ಎಂದ ಪ್ರತಿನಿಧಿ. ಚೇರಮನ್ನರು ನನ್ನನ್ನು ನೋಡಿದರು. ನಾನು ಗೊಳಸಂಗಿಗೆ ಹೋದೆ.

ಅತ್ತೆ ಬಂದಳು. ಗಾಡಿಯನ್ನು ಒಂದು ಸುತ್ತು ಹಾಕಿದಳು. ಇನ್ನೊಂದು ಸುತ್ತು ಹಾಕಿದಳು. ಗಾಜಿನ ಪೆಟ್ಟಿಗೆಯಂಥದ್ದು, ಹಿಂದೂ ಮುಂದೂ ಒಂದೇ ಥರ.

"ಇದರ ಮಾರಿ ಯಾ ಕಡಿ ಐತಿ?"

"ಎರಡೂ ಕಡೆ ಹೋಗುತ್ತೆ ಅಮ್ಮ," ಎಂದ ಪ್ರತಿನಿಧಿ ಹೆಮ್ಮೆಯಿಂದ.

"ಎರಡೂ ಕಡಿ ಹೋಗಾವ್ರು ನಮ್ಮೂರಾಗೂ ಭಾಳ ಮಂದಿ ಅದಾರಪಾ. ಯಾರೂ ಅವರ ಹಿಂದ ಕುಂಡ್ರೂದಿಲ್ಲ."

ಜನ ಗೊಳ್ಳೆಂದರು. ಚೇರಮನ್ನರು ಮಾತ್ರ ನಗಲಿಲ್ಲ. ಅವರು ಎರಡು ಚುನಾವಣೆಯಲ್ಲಿ ಎರಡು ಕಡೆ ಇದ್ದವರು.

ಆದರೆ ಆ ಪ್ರತಿನಿಧಿ ಹುಡುಗ ಪಳಗಿದವನು. ಅತ್ತೆಯ ಮೂರು ಪ್ರಶ್ನೆಗಳ ಸಂಗತಿ ನನ್ನಿಂದಲೇ ಕೇಳಿಕೊಂಡಿದ್ದ. ಮೈಕು ಹಿಡಿದು, "ಅಮ್ಮ, ಈ ಡ್ರೈವರಿಗೆ ಹಸಿವಿಲ್ಲ, ನಿದ್ದೆ ಇಲ್ಲ, ಹೆಂಡತಿಯೂ ಇಲ್ಲ!" ಎಂದ. ಚಪ್ಪಾಳೆಯೋ ಚಪ್ಪಾಳೆ. ಸೋತಳು ಅತ್ತೆ ಎಂದುಕೊಂಡೆವು.

ಅತ್ತೆ ಚಪ್ಪಾಳೆ ನಿಲ್ಲುವವರೆಗೂ ಕಾಯ್ದು, ಮೆಲ್ಲಗೆ ಕೇಳಿದಳು: "ಅಂದ್ರ ಇದಕ್ಕ ಮನಿ ಮುಟ್ಟೂ ಆಶಾನ ಇಲ್ಲನು? ಡ್ರೈವರಗ ಮನಿ ಮುಟ್ಟೂ ಆಶಾ ಇದ್ರ ಅಲ್ಲನೋ ತಮ್ಮಾ, ನಾವೂ ಮನಿ ಮುಟ್ಟೂದು?"

ಇದಕ್ಕೆ ನಕಾಶೆಯಲ್ಲಿ ಯಾವ ಚುಕ್ಕೆಯೂ ಇರಲಿಲ್ಲ. ಹುಡುಗ ನನ್ನನ್ನು ನೋಡಿದ. ಫೋಟೋದವನು ನನ್ನನ್ನು ನೋಡಿದ. ಚೇರಮನ್ನರು ಗಡಿಯಾರ ನೋಡಿ ಆಮೇಲೆ ನನ್ನನ್ನು ನೋಡಿದರು. ಅತ್ತೆ ಸೆರಗು ಸರಿಮಾಡಿಕೊಂಡು ಬಸ್ ಸ್ಟಾಪಿನ ಕಡೆ ಹೊರಟೇಬಿಟ್ಟಿದ್ದಳು. ಬಿಟ್ಟಿದ್ದರೆ ಹೋಗುತ್ತಿದ್ದಳು! ಬಿಡಲಿಲ್ಲ ನಾನು. ಓಡಿಹೋಗಿ ಅಡ್ಡ ನಿಂತೆ.

"ಅತ್ತಿ, ನಾ ಅದೀನಲ್ಲ? ನಾನೂ ಒಳಗ ಕುಂಡ್ರತೇನಿ. ನಾನ ಡ್ರೈವರ ಅಂತ ತಿಳ್ಕೊ."

ಆಕೆ ನನ್ನ ಮುಖ ನೋಡಿದಳು. ಡ್ರೈವರುಗಳನ್ನು ನೋಡುವ ಹಾಗೆಯೇ ನೋಡಿದಳು.

"ಊಟಾ ಆತೇನು?"

"ಆಗೈತಿ." ಆಗಿರಲಿಲ್ಲ. ಬೆಳಿಗ್ಗೆಯಿಂದ ಒಂದು ಲೋಟ ಚಹಾ, ಅಷ್ಟೇ.

"ನಿದ್ದಿ?"

"ಮಸ್ತ ಆಗೈತಿ." ಎರಡು ದಿನದಿಂದ ಈ ಸಮಾರಂಭದ ತಯಾರಿಯಲ್ಲಿ ಸರಿಯಾಗಿ ಮಲಗಿರಲಿಲ್ಲ.

"ಮನ್ಯಾಗ?"

"ಏನೂ ಇಲ್ಲ ಅತ್ತಿ, ನಡಿ." ಇದೂ ಸುಳ್ಳೇ. ಎರಡು ದಿನ ಮನೆಗೆ ಸರಿಯಾಗಿ ಬಾರದವನ ಮನೆಯಲ್ಲಿ ಏನೂ ಇಲ್ಲದೆ ಇರುತ್ತದೆಯೇ?

ಅತ್ತೆ ಹತ್ತಿದಳು. ನನ್ನ ಮುಖ ನಂಬಿ ಹತ್ತಿದಳು. ಇಲ್ಲಿಗೆ ಬಂದಾಗಲೆಲ್ಲ ನಾನು ಮತ್ತೆ ಎದ್ದು ಪಡಸಾಲೆಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತೇನೆ. ತಾಳಿ, ಒಂದು ಲೋಟ ನೀರು ಕುಡಿದು ಬರುತ್ತೇನೆ.

ಒಳಗೆ ನಾವು ಐದು ಜನ: ಅತ್ತೆ, ನಾನು, ಪ್ರತಿನಿಧಿ ಹುಡುಗ, ಇಬ್ಬರು ವಿದ್ಯಾರ್ಥಿನಿಯರು. ಎದುರುಬದುರು ಸೀಟು. ಹುಡುಗಿಯರು ಹಿಂದಿನ ಗಾಜಿಗೆ ಬೆನ್ನು ಮಾಡಿ ಕೂತರು. ಅತ್ತೆ ಅವರಿಗೆ ಎದುರಾಗಿ, ಬಿಟ್ಟುಬಂದ ರಸ್ತೆಯನ್ನು ನೋಡುತ್ತ ಕೂತಳು. ಗಾಡಿ ಸದ್ದಿಲ್ಲದೆ ಹೊರಟಿತು, ಮದುವೆಯ ಮೆರವಣಿಗೆಯ ವೇಗದಲ್ಲಿ. "ನಡಕೊಂಡು ಹೋಗಾವ್ರು ಮುಂದ ಹೊಂಟಾರ ನೋಡಪಾ" ಎಂದಳು ಅತ್ತೆ. ಹುಡುಗಿಯರು ಕಿಸಕ್ಕೆಂದರು. ಚೆನ್ನಾಗಿಯೇ ಇತ್ತು. ಒಂದೂವರೆ ಕಿಲೋಮೀಟರು ಎಲ್ಲ ಚೆನ್ನಾಗಿಯೇ ಇತ್ತು.

ಆಮೇಲೆ ತೊಗರಿ ಬಂತು.

ನಮ್ಮ ಕಡೆ ಪುಷ್ಯ ಎಂದರೆ ತೊಗರಿ ರಾಶಿಯ ಕಾಲ. ಕೊಯ್ದ ತೊಗರಿ ಗಿಡಗಳನ್ನು ಡಾಂಬರಿನ ಮೇಲೆ ಹಾಸುತ್ತಾರೆ. ಹೋಗಿಬರುವ ಗಾಡಿಗಳ ಗಾಲಿಗೆ ಸಿಕ್ಕು ಕಾಳು ಉದುರುತ್ತದೆ. ಹಾಸುವುದು ರೈತನ ಕೆಲಸ, ಮೇಲೆ ಹಾಯಿಸಿಕೊಂಡು ಹೋಗುವುದು ಗಾಡಿಯವನ ಕೆಲಸ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಕಾಲೇಜಿನ ರಸ್ತೆ ಬೇರೆ, ಹೊಸ ಡಾಂಬರು, ಕನ್ನಡಿಯ ಹಾಗೆ! ಆದರೆ ಕಂಪನಿಯವರು ಅಳೆದುಕೊಂಡು ಹೋದದ್ದು ಶ್ರಾವಣದಲ್ಲಿ. ಆಗ ರಸ್ತೆಯ ಮೇಲೆ ತೊಗರಿ ಇರಲಿಲ್ಲ, ಹೊಲದಲ್ಲಿತ್ತು. ಐದು ತಿಂಗಳಲ್ಲಿ ಅವರು ನನ್ನನ್ನು ನೂರು ಸಂಗತಿ ಕೇಳಿದರು: ದನ ಬರುತ್ತವೆಯೇ, ಕುರಿ ಹಿಂಡು ಬರುತ್ತದೆಯೇ, ನೀರು ನಿಲ್ಲುತ್ತದೆಯೇ. ಎಲ್ಲಕ್ಕೂ ಉತ್ತರ ಬರೆದುಕೊಟ್ಟೆ. ರಸ್ತೆಯ ಮೇಲೆ ರಾಶಿ ಮಾಡುತ್ತಾರೆ ಎಂದು ಮಾತ್ರ ಹೇಳಲಿಲ್ಲ. ಮುಚ್ಚಿಟ್ಟೆನೆಂದಲ್ಲ. ಅದು ಹೇಳಬೇಕಾದ ಸಂಗತಿ ಎಂದು ನನಗೆ ಹೊಳೆಯಲೇ ಇಲ್ಲ. ಸೂರ್ಯ ಮೂಡುತ್ತಾನೆ ಎಂದು ಯಾರಾದರೂ ಬರೆದುಕೊಡುತ್ತಾರೆಯೇ?

ಗಾಡಿ ತೊಗರಿಯ ಮುಂದೆ ನಿಂತಿತು. ಅದರ ಕಣ್ಣಿಗೆ ಅದು ಗೋಡೆ. ಒಳಗಿನಿಂದ ಒಂದು ಇಂಪಾದ ದನಿ, "ಮುಂದೆ ಅಡಚಣೆ ಇದೆ, ದಯವಿಟ್ಟು ಸಹಕರಿಸಿ" ಎಂದಿತು. ರಸ್ತೆಯ ಬದಿಯಲ್ಲಿ ಕೂತಿದ್ದ ರೈತ, "ಹಾಯಸ್ರಿ, ಮ್ಯಾಲೆ ಹಾಯಸ್ರಿ!" ಎಂದು ಕೈ ಮಾಡಿದ. ಗಾಡಿ ಜಗ್ಗಲಿಲ್ಲ. ಆತನಿಗೆ ಅವಮಾನವಾಯಿತು. "ಯಾಕ? ನಿಮ್ಮ ಗಾಲಿ ಏನ್ ಬಂಗಾರದವೇನು? ಬಸ್ಸು ಹಾಯ್ತಾವ, ಲಾರಿ ಹಾಯ್ತಾವ, ಇದೇನು ದೊಡ್ಡಸ್ತಿಕಿ!"

ಅತ್ತೆಗೆ ಆನಂದವೋ ಆನಂದ. "ನೋಡಪಾ, ಡ್ರೈವರ ಇದ್ದಿದ್ರ ಇಷ್ಟೊತ್ತಿಗೆ ಎರಡ ಸೇರು ಕಾಳು ಉದರತಿದ್ದು!"

ಪ್ರತಿನಿಧಿ ಹುಡುಗ ಕೈಯಲ್ಲಿದ್ದ ಟ್ಯಾಬ್ ಒತ್ತಿ ಬಾಗಿಲು ತೆಗೆದ. ಅವನೂ ನಾನೂ ತೊಗರಿ ಸರಿಸಲೆಂದು ಇಳಿದೆವು. ನಮ್ಮ ಹಿಂದೆ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಅಲ್ಲಿ ಸ್ಟಾಪ್ ಇಲ್ಲ ನೋಡಿ, ಅದಕ್ಕೆ.

ಆ ಜಾಗದಲ್ಲಿ ರಸ್ತೆ ಇಳಿಜಾರು, ಹಿಂದೆ ಒಂದು ತಿರುವು. ನಾನು ರೈತನಿಗೆ ಯಂತ್ರದ ಬಗ್ಗೆ ಪಾಠ ಹೇಳುತ್ತಿದ್ದೆ! ಅಷ್ಟರಲ್ಲಿ ಗಾಜು ಬಡಿಯುವ ಸದ್ದು. ತಿರುಗಿ ನೋಡಿದರೆ ಅತ್ತೆ ಎದ್ದು ನಿಂತು ಎರಡೂ ಕೈಯಿಂದ ಬಾಗಿಲ ಗಾಜನ್ನು ಬಡಿಯುತ್ತಿದ್ದಾಳೆ. ಬಾಯಿ ಆಡುತ್ತಿದೆ, ಮಾತು ಕೇಳುವುದಿಲ್ಲ. ಬಂದಾಗಿನಿಂದ ಚೇಷ್ಟೆಯೇ ಮಾಡುತ್ತಿದ್ದವಳಲ್ಲವೇ? ಇದೂ ಅದೇ ಎಂದುಕೊಂಡೆ.

ನಾನು ನಕ್ಕೆ. ನಕ್ಕು ಕೈ ಬೀಸಿದೆ.

ಅಷ್ಟೇ, ಬಹಳವೆಂದರೆ ಎರಡು ಸೆಕೆಂಡು. ಈಗ ಬೆಳಿಗ್ಗೆ ಹಲ್ಲುಜ್ಜುವಾಗ, ಪಾಠ ಮಾಡುವಾಗ, ಯಾರಾದರೂ ದೂರದಿಂದ ಕೈ ಬೀಸಿದಾಗ ಆ ಎರಡು ಸೆಕೆಂಡು ಮತ್ತೆ ಬರುತ್ತದೆ. ಪ್ರತಿ ಸಲವೂ ನಾನು ನಗುತ್ತೇನೆ. ಪ್ರತಿ ಸಲವೂ ಕೈ ಬೀಸುತ್ತೇನೆ.

ಆಮೇಲೆ ನನಗೆ ಟೇಪಿನ ಹಾಡು ಕೇಳಿಸಿತು. ಅತ್ತೆ ಆಗಲೇ ಕಂಡದ್ದು ಅದನ್ನೇ: ತಿರುವು ದಾಟಿ ಬರುತ್ತಿದ್ದ ಕಬ್ಬಿನ ಟ್ರ್ಯಾಕ್ಟರು, ಹಿಂದೆ ಎರಡು ಟ್ರೇಲರು, ಮಾಳಿಗೆಯೆತ್ತರ ಕಬ್ಬು. ಇಳಿಜಾರಿನಲ್ಲಿ ಅಂಥ ಭಾರಕ್ಕೆ ಬ್ರೇಕು ಎಷ್ಟು ಹಿಡಿಯುತ್ತದೆ ಎಂಬ ಲೆಕ್ಕವನ್ನು ನಾನು ಪ್ರತಿವರ್ಷ ಬೋರ್ಡಿನ ಮೇಲೆ ಬಿಡಿಸುತ್ತೇನೆ. ಹಿಡಿಯುವುದಿಲ್ಲ. ಅದರ ಡ್ರೈವರನೂ ಗಾಡಿ ಈಗ ಮುಂದೆ ಹೋದೀತು, ತೊಗರಿಗೆ ಯಾರು ನಿಲ್ಲುತ್ತಾರೆ ಎಂದುಕೊಂಡೇ ಬಂದಿರಬೇಕು. ಅವನ ತಪ್ಪೇನು? ನಮ್ಮ ಕಡೆ ಯಾರೂ ನಿಲ್ಲುವುದಿಲ್ಲ.

"ಬಾಗಿಲು!" ಎಂದು ಕೂಗಿದೆ. ಹುಡುಗ ಟ್ಯಾಬ್ ಒತ್ತುತ್ತಲೇ ಇದ್ದ. ಅದು ಗುಪ್ತ ಸಂಖ್ಯೆ ಕೇಳುತ್ತಿತ್ತು. ಅವನ ಬೆರಳು ಒಂದು ಅಂಕಿ ಬಿಟ್ಟು ಇನ್ನೊಂದರ ಮೇಲೆ ಬೀಳುತ್ತಿತ್ತು. ನಾನು ಬಾಗಿಲನ್ನು ಉಗುರಿನಿಂದ ಎಳೆದೆ. ಹೌದು, ಉಗುರಿನಿಂದ. ಗಾಜಿನ ಆಚೆ ಅತ್ತೆ ನನ್ನ ಕಡೆ ನೋಡುವುದನ್ನು ಬಿಟ್ಟಿದ್ದಳು. ಹಿಂದಿನ ಸೀಟಿನ ಹುಡುಗಿಯರಿಬ್ಬರ ಜಡೆ ಹಿಡಿದು, ಅಕ್ಷರಶಃ ಜಡೆ ಹಿಡಿದು, ಮುಂದಿನ ಮೂಲೆಗೆ ಎಳೆದು ಹಾಕಿ, ಅವರ ಮೇಲೆ ಬಾಗಿ ನಿಂತಳು. ಬರುವುದರ ಕಡೆಗೆ ಬೆನ್ನು ಮಾಡಿ ನಿಂತಳು.

ಉಳಿಸಿದ್ದು ನಾನೂ ಅಲ್ಲ, ಆ ಟ್ಯಾಬೂ ಅಲ್ಲ. ಆ ರೈತ. ಈಗ ಏನು ಮಾಡಬೇಕು ಎಂದು ನನಗಿಂತ ಮೊದಲು ಹೊಳೆದದ್ದು ಅವನಿಗೇ. "ತೊಗರಿ ತಗೀರಿ, ತೊಗರಿ!" ಎಂದು ಹೊರಳಿ ಬಿದ್ದು, ತನ್ನ ವರ್ಷದ ಬೆಳೆಯನ್ನು ಎರಡೂ ತೋಳಿನಲ್ಲಿ ಬಾಚಿ ಬದಿಯ ಚರಂಡಿಗೆ ಎಸೆದ. ಅವನ ಹೆಂಡತಿಯೂ ಬಾಚಿದಳು. ನಾನೂ ಮೊಣಕಾಲೂರಿ ಬಾಚಿದೆ. ಮುಂದೆ ಒಂದಷ್ಟು ಡಾಂಬರು ಕಂಡಿತು. ನಾವು ಬದಿಗೆ ಸರಿದೆವು. ಗೋಡೆ ಹೋಯಿತೆಂದು ಗಾಡಿಗೆ ತಿಳಿಯಿತು. ಅದೇ ಮೆರವಣಿಗೆಯ ವೇಗದಲ್ಲಿ, ಯಾವ ಅವಸರವೂ ಇಲ್ಲದೆ, ಹೊರಟಿತು. ಒಂದು ಮಾರು. ಎರಡು ಮಾರು. ನಾಲ್ಕು ಮಾರು.

ಟ್ರ್ಯಾಕ್ಟರು ಆಚೆ ಬದಿಗೆ ಹೊರಳಿ, ಉಳಿದ ತೊಗರಿಯ ಮೇಲೆ ಜಾರಿತು. ಹಿಂದಿನ ಟ್ರೇಲರು ಅಡ್ಡ ತಿರುಗಿ, ಗಾಡಿ ನಿಂತಿದ್ದ ಜಾಗದಲ್ಲೇ ಮಗುಚಿತು. ಕಬ್ಬೆಲ್ಲ ಅಲ್ಲೇ ಸುರಿಯಿತು. ಮುಂದಿನ ಟ್ರೇಲರಿನ ಮೂಲೆ ಮಾತ್ರ ಗಾಡಿಯ ಹಿಂಬದಿಗೆ ತಾಗಿ, ಗಾಜು ಪುಡಿಯಾಗಿ, ಗಾಡಿ ಅರ್ಧ ಸುತ್ತು ತಿರುಗಿ ನಿಂತಿತು. ಆಗ ಬಾಗಿಲು ತೆರೆಯಿತು. ತಾನಾಗಿಯೇ! "ದಯವಿಟ್ಟು ಎಚ್ಚರಿಕೆಯಿಂದ ಇಳಿಯಿರಿ" ಎಂದಿತು ಆ ಇಂಪಾದ ದನಿ.

ಹುಡುಗಿಯರಿಗೆ ಒಂದು ತರಚು ಗಾಯವೂ ಇಲ್ಲ. ಅತ್ತೆಯ ಬಲಗೈ ಮಣಿಕಟ್ಟು ಮುರಿದಿತ್ತು. ರಸ್ತೆಯ ಬದಿಯಲ್ಲಿ ಕೂರಿಸಿದೆವು. ಟ್ರ್ಯಾಕ್ಟರಿನ ಡ್ರೈವರ್ ಇಳಿದು ಬಂದು, ಕೈಮುಗಿದು ಆಕೆಯ ಮುಂದೆ ನಿಂತ. ಆಕೆ ಆ ಮೂರು ಪ್ರಶ್ನೆ ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದು ನಾನು ಕಾಯ್ದೆ. ಕೇಳಲಿ ಎಂದು ಬೇಡಿಕೊಂಡೆ. ಅತ್ತೆ ಏನೂ ಕೇಳಲಿಲ್ಲ. ನನ್ನನ್ನೂ ಕೇಳಲಿಲ್ಲ. ಆಸ್ಪತ್ರೆಯ ದಾರಿಯುದ್ದಕ್ಕೂ ಒಂದು ಮಾತಿಲ್ಲ. ಮೂರು ದಿನ ಹಾಗೆಯೇ.

ಕಂಪನಿಯವರು ಗಾಡಿ ಎತ್ತಿಕೊಂಡು ಹೋದರು. ತೊಗರಿಯನ್ನೂ ಅದಕ್ಕೆ ಕಲಿಸಿ ತರುತ್ತಾರಂತೆ. ತರಲಿ. ಅದು ಅಡಚಣೆ ಕಂಡು ನಿಂತಿತು, ದಾರಿ ಕಂಡು ನಡೆಯಿತು, ಸುಳ್ಳಂತೂ ಹೇಳಲಿಲ್ಲ. ಬಿಸಿಲಲ್ಲಿ ನಡೆಯುವ ಹುಡುಗಿಯರನ್ನು ನೋಡಿದರೆ ಈಗಲೂ ಅಂಥದ್ದೊಂದು ಬೇಕು ಅನ್ನಿಸುತ್ತದೆ. ಅನ್ನಿಸಿದ ಮರುಕ್ಷಣ ಗಾಜು ಬಡಿಯುವ ಸದ್ದು ಕೇಳಿಸುತ್ತದೆ.

ನಾಲ್ಕನೆಯ ದಿನ ಗೊಳಸಂಗಿಗೆ ಮೂವರು ಹೆಣ್ಣುಮಕ್ಕಳೂ ಬಂದರು. ಅತ್ತೆ ಮಂಚದ ಮೇಲೆ ಕೌದಿ ಹೊದ್ದು, ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟು ಕೂತಿದ್ದಳು. ನಾನು ಪಕ್ಕದಲ್ಲಿದ್ದೆ. ಇಂಡಿಯವಳು ನನ್ನೆದುರು ಬಂದು ನಿಂತಳು.

"ಏನಪಾ ಮಾಸ್ತರ, ಯಾರ ಹತ್ತಿಸಿದ್ದು ಈಕಿನ್ನ? ಡ್ರೈವರ ಇಲ್ಲದ ಗಾಡಿ ನಮ್ಮವ್ವ ತಾನಾಗಿ ಹತ್ತಾಕಿ ಅಲ್ಲ."

ಹೇಳಿಬಿಡೋಣ ಎಂದುಕೊಂಡೇ ಬಂದಿದ್ದೆ. "ಅಕ್ಕಾ, ನಾನ..." ಎಂದೆ.

ಕೌದಿಯ ಕೆಳಗೆ ಅತ್ತೆಯ ಎಡಗೈ ಬಂದು ನನ್ನ ಮಣಿಕಟ್ಟನ್ನು ಹಿಡಿಯಿತು.

"ಅವನ್ನೇನ ಕೇಳ್ತಿ? ನನ್ನ ಕೇಳು!" ಮೂರು ದಿನದ ಮೇಲೆ ಆ ದನಿ ಎದ್ದಿತು, ಕಂಡಕ್ಟರುಗಳನ್ನು ಸುಮ್ಮನಾಗಿಸುವ ಅದೇ ದನಿ. "ಅಂವ ಬ್ಯಾಡ ಬ್ಯಾಡ ಅಂತ ಬಡಕೊಂಡ. ನನಗ ಹುಚ್ಚು, ಹತ್ತಿದ್ನಿ. ಮುಗೀತಿಲ್ಲೋ?"

"ಖರೇ ಹೇಳ ಬೇ ಅವ್ವಾ."

"ಖರೇನ ಹೇಳಾಕತ್ತೇನಿ. ಅಂವ ಹೇಳಿದ್ದು ಕೇಳಿದ್ರ ನನ್ನ ಕೈ ಯಾಕ ಮುರೀತಿತ್ತು? ಹೋಗು, ಚಾ ಮಾಡ ಹೋಗು. ಬಂದಾಗಿಂದ ಬರೇ ಪೊಲೀಸರಗತೆ ಕೇಳಾಕತ್ತೀರಿ!"

ಸಿಂದಗಿಯವಳು ಮೊದಲು ನಕ್ಕಳು. ಆಮೇಲೆ ಮುದ್ದೇಬಿಹಾಳದವಳು. ಅವ್ವ ನೆಟ್ಟಗಾದಳು ಎಂದು ಎಲ್ಲರ ಮುಖವೂ ಅರಳಿತು. ಇಂಡಿಯವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆಯ ಕಡೆ ಹೋದಳು.

ಕೌದಿಯ ಕೆಳಗೆ ಆ ಕೈ ನನ್ನ ಮಣಿಕಟ್ಟನ್ನು ಇನ್ನೂ ಹಿಡಿದೇ ಇತ್ತು. ಮಾತು ನಿಂತ ಮೇಲೂ ಬಿಡಲಿಲ್ಲ. ನಾನು ನನ್ನ ಇನ್ನೊಂದು ಕೈಯನ್ನು ಅದರ ಮೇಲಿಟ್ಟೆ. ಚಹಾ ಬಂತು. ಇಬ್ಬರಿಗೂ ಕೈ ಬಿಡುವಿರಲಿಲ್ಲ. ಕಪ್ಪುಗಳು ಅಲ್ಲೇ ಮಂಚದ ತುದಿಯಲ್ಲಿ ತಣ್ಣಗಾದವು.